ರೂಪಾಯಿಯ ಬೆಲೆಯೂ ರಾಷ್ಟ್ರದ ಮಾನವೂ

2025ನೆಯ ಡಿಸೆಂಬರ ತಿಂಗಳಲ್ಲಿ ಅಮೇರಿಕೆಯ ಒಂದು ಡಾಲರಿನ ಬೆಲೆಯು ಮೊದಲ ಸಲ 90 ರೂಪಾಯಿಗಳನ್ನು ದಾಟಿತು. ಒಡನೆಯೇ ದೇಶದ ಮಾನ ಹೋಯಿತೆಂದು ಒಂದು ಪಕ್ಷವೂ, ಇದರಿಂದ ರಫ್ತು ವ್ಯಾಪಾರಕ್ಕೆ ಲಾಭವೇ ಆಗುವದೆಂದು ಇನ್ನೊಂದು ಪಕ್ಷವೂ ವಾದಕ್ಕೆ ನಿಂತವು. ನಮ್ಮ ಮತದಲ್ಲಿ ಈ ಎರಡು ಪಕ್ಷಗಳೂ ಮುಖ್ಯ ಪ್ರಶ್ನೆಯನ್ನು ಬದಿಗಿರಿಸಿವೆ. ರೂಪಾಯಿಯ ದರವನ್ನು ನಿರ್ಣಯಿಸುವವರಾರು, ಅದರ ಏರಿಳಿತದ ಭಾರವನ್ನು ಹೊರುವವರಾರು ಎಂಬುದೇ ಆ ಪ್ರಶ್ನೆ.

ಬೆಲೆ ಏರಿದ ರೂಪಾಯಿಯೇ ಮಾನದ ಗುರುತೆಂದು ನಂಬಿದವರು ಹಳೆಯ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಬೇಕು. 1926ರಲ್ಲಿ ಹಿಲ್ಟನ್ ಯಂಗ್ ಆಯೋಗವು ರೂಪಾಯಿಗೆ 18 ಪೆನ್ಸಿನ ದರವನ್ನು ಶಿಫಾರಸು ಮಾಡಿತು. 1927ರಲ್ಲಿ ಅದು ಕಾಯಿದೆಯಾಯಿತು. 16 ಪೆನ್ಸಿನ ದರವೇ ಇರಬೇಕೆಂದು ಆಯೋಗದಲ್ಲಿಯೇ ಭಿನ್ನಮತ ಬರೆದವರು ಸರ್ ಪುರುಷೋತ್ತಮದಾಸ ಠಾಕೂರದಾಸರು. ಲೆಕ್ಕವು ಸರಳವಾದದ್ದು. ವಿಲಾಯತಿಯಲ್ಲಿ ಒಂದು ಪೌಂಡಿಗೆ ಮಾರಿದ ಹತ್ತಿಗೆ 16 ಪೆನ್ಸಿನ ದರದಲ್ಲಿ 15 ರೂಪಾಯಿ ಬರುತ್ತಿತ್ತು. 18 ಪೆನ್ಸಿನ ದರದಲ್ಲಿ ಬರುವದು 13 ರೂಪಾಯಿ 5 ಆಣೆ 4 ಪೈ. ಧಾರವಾಡ, ಗದಗು, ಹುಬ್ಬಳ್ಳಿಗಳ ಹತ್ತಿಯ ಧಾರಣೆಯು ಮುಂಬಯಿಯ ಪೇಟೆಯನ್ನು ಹಿಂಬಾಲಿಸುತ್ತಿದ್ದುದರಿಂದ ಈ ಕೊರತೆಯು ಕೊನೆಗೆ ಒಕ್ಕಲಿಗನ ಕಣಕ್ಕೇ ಬಂದು ಮುಟ್ಟುತ್ತಿತ್ತು. ಅತ್ತ ಸರಕಾರಕ್ಕೆ ಲಂಡನ್ನಿಗೆ ಕಳಿಸಬೇಕಾದ ಹಣಕ್ಕೆ ಕಡಿಮೆ ರೂಪಾಯಿಗಳು ಸಾಕಾಗುತ್ತಿದ್ದವು. ಪರದೇಶದ ಅರಿವೆಯೂ ಇಲ್ಲಿ ಅಗ್ಗವಾಗುತ್ತಿತ್ತು. ಆದುದರಿಂದಲೇ 1930ರ ಜನವರಿಯಲ್ಲಿ ಗಾಂಧೀಜಿಯವರು ಮುಂದಿಟ್ಟ 11 ಬೇಡಿಕೆಗಳಲ್ಲಿ ಉಪ್ಪಿನ ಕರದ ರದ್ದತಿಯ ಜೊತೆಗೆ ರೂಪಾಯಿಯ ದರವನ್ನು 16 ಪೆನ್ಸಿಗೆ ಇಳಿಸಬೇಕೆಂಬ ಬೇಡಿಕೆಯೂ ಇತ್ತು. ಅಂದಿನ ದೇಶಭಕ್ತರು ಇಳಿದ ರೂಪಾಯಿಗಾಗಿ ಹೋರಾಡಿದರೆಂಬುದನ್ನು ಇಂದು ಮರೆಯುವದು ಸಲ್ಲದು.

ಹಾಗೆಂದು ಇಳಿಕೆಯೇ ಸಂಜೀವಿನಿಯೆಂದು ಹೇಳುವವರ ವಾದವೂ ನಿಲ್ಲಲಾರದು. 1966ರ ಜೂನ 6ರಂದು ಡಾಲರಿನ ಬೆಲೆಯನ್ನು 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿಸಲಾಯಿತು. ಬೆನ್ನುಬೆನ್ನಿಗೆ ಬಂದ ಬರಗಾಲಗಳ ಮುಂದೆ ರಫ್ತು ಬೆಳೆಯಲಿಲ್ಲ. ಮಾರಲು ಸರಕೇ ಇಲ್ಲದವನಿಗೆ ಅಗ್ಗದ ದರದಿಂದ ಬರುವ ಪ್ರಯೋಜನವೇನು? 1991ರಲ್ಲಿ ದೇಶದ ವಿದೇಶೀ ನಾಣ್ಯದ ಭಂಡಾರವು ಸುಮಾರು 120 ಕೋಟಿ ಡಾಲರಿಗೆ ಇಳಿದಾಗ ರಿಝರ್ವ್ ಬ್ಯಾಂಕು ಸುಮಾರು 47 ಟನ್ನು ಬಂಗಾರವನ್ನು ಲಂಡನ್ನಿನಲ್ಲಿ ಒತ್ತೆಯಿಡಬೇಕಾಯಿತು. ಮಾನ ಹೋಗುವದೆಂದರೆ ಅದು. ದರದ ಅಂಕಿಯಿಂದ ಮಾನ ಹೋಗುವದಿಲ್ಲ. ತೀರಿಸಲಾಗದ ಸಾಲದಿಂದ ಹೋಗುತ್ತದೆ.

1993ರಿಂದ ರೂಪಾಯಿಯ ದರವನ್ನು ಪೇಟೆಯೇ ಕಟ್ಟುತ್ತಿದೆ. ರಿಝರ್ವ್ ಬ್ಯಾಂಕು ಅತಿಯಾದ ಏರುಪೇರುಗಳನ್ನು ತಡೆಯಲು ಮಾತ್ರ ನಡುವೆ ಕೈಹಾಕುವದು. ಆ ಪೇಟೆಯ ಅಗಾಧತೆಯನ್ನು ವಾಚಕರು ಗಮನಿಸಬೇಕು. 2025ರ ಏಪ್ರಿಲದಲ್ಲಿ ಜಗತ್ತಿನ ನಾಣ್ಯ ವಿನಿಮಯದ ವಹಿವಾಟು ದಿನವೊಂದಕ್ಕೆ ಸುಮಾರು 9.6 ಲಕ್ಷ ಕೋಟಿ ಡಾಲರು ಇತ್ತು. 2024ರ ಸಪ್ಟೆಂಬರದಲ್ಲಿ ನಮ್ಮ ಭಂಡಾರವು ಸುಮಾರು 70 ಸಾವಿರ ಕೋಟಿ ಡಾಲರಿಗೆ ಏರಿತ್ತು. ಜಗತ್ತಿನ ಪೇಟೆಯಲ್ಲಿ ರೂಪಾಯಿಯ ಪಾಲು ಚಿಕ್ಕದೇ ಸರಿ. ಆದರೂ ಇಂಥ ಪ್ರವಾಹಕ್ಕೆ ಅಡ್ಡಲಾಗಿ ಒಂದು ಅಂಕಿಯನ್ನು ಹಿಡಿದು ನಿಲ್ಲಿಸುತ್ತೇವೆಂದು ಭಂಡಾರವನ್ನು ಬರಿದು ಮಾಡುವದು ವಿವೇಕವಲ್ಲ.

2025ರ ಇಳಿಕೆಗೆ ಡಾಲರಿನ ಬಲವೊಂದೇ ಕಾರಣವೆನ್ನಲಾಗದು. ಆ ವರ್ಷ ಡಾಲರು ತಾನೇ ಯೂರೋಪಿನ ಯೂರೋ ನಾಣ್ಯದ ಎದುರು ಇಳಿದಿತ್ತು. ಅಗಸ್ಟಿನಲ್ಲಿ ಅಮೇರಿಕೆಯು ನಮ್ಮ ಅನೇಕ ಸರಕುಗಳ ಮೇಲೆ 50 ಪ್ರತಿಶತ ಸುಂಕವನ್ನು ಹೇರಿತು. ಪರದೇಶದ ಬಂಡವಾಳಗಾರರು ನಮ್ಮ ಶೇರು ಪೇಟೆಯಿಂದ ಹಣವನ್ನು ಹಿಂದೆಗೆದುಕೊಂಡರು. ಇವುಗಳ ಜೊತೆಗೆ ಕಚ್ಚಾ ಎಣ್ಣೆಯಲ್ಲಿ 85 ಪ್ರತಿಶತಕ್ಕೂ ಹೆಚ್ಚನ್ನು ಹೊರಗಿನಿಂದ ತರಬೇಕಾದ ನಮ್ಮ ಹಳೆಯ ಬೇನೆಯೂ ಇದ್ದೇ ಇದೆ.

ಇನ್ನು ಲಾಭ ಹಾನಿಗಳ ಹಂಚಿಕೆ. ರೂಪಾಯಿ ಇಳಿದಾಗ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಿಗೆ ಆದಾಯ ಹೆಚ್ಚುವದು. ಭಾರತದ ಕಾಫಿಯ ಬಹುಭಾಗವನ್ನು ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರನಿಗೂ ಪಾಲು ಸಿಗಬಹುದು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ ಮಗನು ಮನೆಗೆ ಕಳಿಸುವ ಹಣವೂ ಇಲ್ಲಿ ಹಿಗ್ಗುವದು. ಆದರೆ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪರದೇಶದ್ದು. ಪೊಟ್ಯಾಶ್ ಗೊಬ್ಬರವಂತೂ ಪೂರಾ ಪರದೇಶದ್ದು. ಜೋಳ ಬೆಳೆದು ಊರ ಸಂತೆಯಲ್ಲಿ ಮಾರುವವನಿಗೆ ಡಾಲರು ಬರುವದಿಲ್ಲ; ಡಾಲರಿನ ಬಿಸಿ ಮಾತ್ರ ಬರುವದು. ಲಾಭವು ಕೆಲವರಲ್ಲಿ ಗುಂಪಾಗಿ, ಹಾನಿಯು ಎಲ್ಲರ ಮೇಲೆ ಚೆಲ್ಲುವದರಿಂದ ಹಾನಿಯ ಕೂಗು ಕೇಳಿಸುವದು ಕಡಿಮೆ.

ಮುಂದೇನು? ನಾಳಿನ ದರವನ್ನು ಹೇಳುವ ಜೋಯಿಸರು ಪೇಟೆಯಲ್ಲಿ ಬಹಳ. ನಾವು ಆ ಪಂಕ್ತಿಯಲ್ಲಿ ಕೂಡ್ರಲೊಲ್ಲೆವು. ಅಮೇರಿಕೆಯ ಬಡ್ಡಿಯ ದರ, ಎಣ್ಣೆಯ ಬೆಲೆ, ಬಂಡವಾಳದ ಹೋಗುಬರುವಿಕೆ, ಈ ಮೂರನ್ನು ಕಣ್ಣಿಟ್ಟು ನೋಡಿದರೆ ಗಾಳಿಯ ದಿಕ್ಕು ತಿಳಿಯುವದು. ಜಗತ್ತಿನ ಸರಕಾರಗಳ ನಾಣ್ಯ ಭಂಡಾರಗಳಲ್ಲಿ ಡಾಲರಿನ ಪಾಲು 2000ದ ಸುಮಾರಿಗೆ 70 ಪ್ರತಿಶತದಷ್ಟಿದ್ದದ್ದು 2024ರ ಹೊತ್ತಿಗೆ 58ರ ಹತ್ತಿರ ಬಂದಿತ್ತೆಂಬುದು ನಿಜ. 2022ರ ಜುಲೈದಲ್ಲಿ ರಿಝರ್ವ್ ಬ್ಯಾಂಕು ಅಂತರರಾಷ್ಟ್ರೀಯ ವ್ಯಾಪಾರವನ್ನು ರೂಪಾಯಿಯಲ್ಲಿಯೇ ಬಗೆಹರಿಸಲು ದಾರಿ ತೆರೆದದ್ದು ಯೋಗ್ಯವಾದ ಹೆಜ್ಜೆ. ಆದರೆ ಡಾಲರಿನ ಸಿಂಹಾಸನವು ಒಂದೆರಡು ವರ್ಷಗಳಲ್ಲಿ ಉರುಳುವದೆಂದು ನಂಬಿ ಕೂಡುವದು ಹಗಲುಗನಸು.

ಆದುದರಿಂದ ನಮ್ಮ ಸೂಚನೆಗಳು ಮೂರು. ಭಂಡಾರವನ್ನು ಗಾಬರಿಯ ದಿನಗಳಿಗಾಗಿ ಕಾದಿಟ್ಟು, ಅಂಕಿಯ ಹಟಕ್ಕಾಗಿ ಸುರಿಯದಿರಬೇಕು. ಇಳಿಕೆಯ ಭಾರವು ಗೊಬ್ಬರ, ಎಣ್ಣೆ, ಅಡುಗೆ ಅನಿಲಗಳ ಮೂಲಕ ಬಡವನ ಮೇಲೆ ಬೀಳದಂತೆ ಸರಕಾರವು ಸುಂಕವನ್ನು ಇಳಿಸಿಯಾದರೂ ತಡೆಯಬೇಕು. ಬೆಳಗಾವಿಯ ಎರಕದ ಕಾರಖಾನೆಯವರಂಥ ಸಣ್ಣ ರಫ್ತುಗಾರರು ದರವನ್ನು ಮುಂಗಡ ಕರಾರಿನಿಂದ ಮೊದಲೇ ಗೊತ್ತುಮಾಡಿಕೊಳ್ಳುವ ಅನುಕೂಲವನ್ನು ಬಳಸಬೇಕು. ಬ್ಯಾಂಕುಗಳು ಆ ಕರಾರುಗಳನ್ನು ಅವರಿಗೆ ಕನ್ನಡದಲ್ಲಿ ತಿಳಿಯಹೇಳಬೇಕು.

1927ರಲ್ಲಿ ನಮ್ಮ ರೂಪಾಯಿಯ ದರವನ್ನು ನಮ್ಮನ್ನು ಕೇಳದೆ ಕಟ್ಟಲಾಯಿತು. ಇಂದು ಧೋರಣೆಯು ನಮ್ಮದೇ ಕೈಯಲ್ಲಿದೆ. ಆ ಧೋರಣೆಯು ಡಾಲರು ಗಳಿಸುವವನ ಮುಖವನ್ನಷ್ಟೇ ನೋಡದೆ ಜೋಳ ಬೆಳೆಯುವವನ ಮುಖವನ್ನೂ ನೋಡಿದರೆ, ರೂಪಾಯಿ 90 ಇರಲಿ 100 ಇರಲಿ, ರಾಷ್ಟ್ರದ ಮಾನಕ್ಕೆ ಕುಂದಿಲ್ಲ.