ಲೆಕ್ಕಕ್ಕೆ ಬಾರದವರ ಲೆಕ್ಕ

ಹೈಸ್ಕೂಲನ್ನು ಮುಗಿಸಿದ ಬಾಲಿಕೆಯು ಮುಂದೇನನ್ನು ಕಲಿಯತಕ್ಕದ್ದೆಂದು ಮನೆಗಳಲ್ಲಿ ಆಲೋಚನೆ ನಡೆಯುವಾಗ ಬಿಸಿನೆಸ್ ಅನಾಲಿಟಿಕ್ಸ್ ಎಂಬ ಹೆಸರು ಈಚೆಗೆ ಆಗಾಗ್ಗೆ ಕೇಳಿಬರುತ್ತಿದೆ. ಕ್ರಯವಿಕ್ರಯ, ದಾಸ್ತಾನು, ಗಿರಾಕಿಗಳ ಬೇಡಿಕೆ ಮೊದಲಾದವುಗಳ ಅಂಕಿಗಳನ್ನು ಸಂಖ್ಯಾಶಾಸ್ತ್ರದಿಂದಲೂ ಕಂಪ್ಯೂಟರಿನಿಂದಲೂ ಶೋಧಿಸಿ, ವ್ಯಾಪಾರದ ನಿರ್ಣಯಗಳಿಗೆ ಆಧಾರವನ್ನೊದಗಿಸುವ ವಿದ್ಯೆಯಿದು. ಇದು ಹೆಣ್ಣು ಮಕ್ಕಳಿಗೆ ಒಗ್ಗದೆಂದು ಕೆಲವರೂ, ಯಂತ್ರವನ್ನು ನಡಿಸಲು ಕಲಿತರೆ ಸಂಬಳವು ತಾನಾಗಿ ಬರುವದೆಂದು ಕೆಲವರೂ ಹೇಳುತ್ತಾರೆ. ಈ ಎರಡು ಮಾತುಗಳನ್ನೂ ನಾವು ಒಪ್ಪಲಾರೆವು.

ಮೊದಲನೆಯದಕ್ಕೆ ಮಿಸ್ ಫ್ಲಾರೆನ್ಸ್ ನೈಟಿಂಗೇಲರವರ ಚರಿತ್ರೆಯೇ ಉತ್ತರ. ದೀಪವನ್ನು ಹಿಡಿದ ದಾದಿಯೆಂದು ಅವರನ್ನು ಎಲ್ಲರೂ ಬಲ್ಲರು. ಲೆಕ್ಕದಲ್ಲಿ ನಿಪುಣರೆಂದು ಬಲ್ಲವರು ಕಡಿಮೆ. 1854ರಲ್ಲಿ ಕ್ರಿಮಿಯದ ಯುದ್ಧಕಾಲದಲ್ಲಿ ಸ್ಕುಟಾರಿಯ ಆಸ್ಪತ್ರೆಗೆ ಹೋದ ಅವರು, ಸ್ವದೇಶಕ್ಕೆ ಮರಳಿದ ಬಳಿಕ ಸೈನಿಕರ ಮರಣಗಳನ್ನು ತಿಂಗಳು ತಿಂಗಳಿಗೆ ವಿಂಗಡಿಸಿದರು. ಗಾಯಗಳಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಬಹಳವೆಂದು 1858ರಲ್ಲಿ ಬಣ್ಣದ ಚಕ್ರಚಿತ್ರಗಳಿಂದ ತೋರಿಸಿಕೊಟ್ಟರು. ಅದೇ ವರುಷ ಲಂಡನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಪ್ರಥಮ ಸ್ತ್ರೀ ಸದಸ್ಯರನ್ನಾಗಿ ಆರಿಸಿತು.

ಎರಡನೆಯ ಮಾತಿಗೆ ಉತ್ತರವೇನಂದರೆ, ಕೂಡಿಸುವದು ಯಂತ್ರದ ಕೆಲಸ. ಲೆಕ್ಕದಲ್ಲಿ ಯಾರನ್ನು ಬಿಟ್ಟಿದ್ದಾರೆಂದು ಕೇಳುವದು ಮನುಷ್ಯರ ಕೆಲಸ. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಅಮೇರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿದ್ದ ಅಬ್ರಹಾಂ ವಾಲ್ಡ್ ಎಂಬ ಪಂಡಿತರು ಯುದ್ಧವಿಮಾನಗಳಿಗೆ ತಗಲಿದ ಗುಂಡುಗಳ ವಿಷಯವನ್ನು ವಿಚಾರಿಸಿದರು. ಪರೀಕ್ಷೆಗೆ ಸಿಕ್ಕುವವು ಮರಳಿ ಬಂದ ವಿಮಾನಗಳು ಮಾತ್ರ. ಆದಕಾರಣ ಬಿದ್ದುಹೋದವುಗಳನ್ನೂ ಗಣನೆಗೆ ತರುವ ಕ್ರಮವನ್ನು ಅವರು ರಚಿಸಿದರು. ಅಂಗಡಿಯಲ್ಲಿಯೂ ಹೀಗೆಯೇ. ಒಂದು ವಾರ ಅಕ್ಕಿಯ ದಾಸ್ತಾನು ಮುಗಿದಿದ್ದರೆ ಮಾರಾಟದ ಪಟ್ಟಿಯಲ್ಲಿ ಸೊನ್ನೆ ಕಾಣುವದು. ಅದನ್ನೇ ನಂಬಿ ಅಕ್ಕಿಗೆ ಬೇಡಿಕೆಯಿಲ್ಲವೆಂದು ನಿರ್ಣಯಿಸುವವನು ಬರಿಗೈಯಲ್ಲಿ ಹಿಂತಿರುಗಿದ ಗಿರಾಕಿಗಳನ್ನು ಮರೆತಿರುವನು.

ತಾಯಿತಂದೆಗಳು ಇದೇ ವಿವೇಕವನ್ನು ಈ ಶಿಕ್ಷಣದ ಜಾಹೀರಾತುಗಳ ಮೇಲೆಯೂ ಪ್ರಯೋಗಿಸಬೇಕೆಂದು ನಾವು ಬೇಡುತ್ತೇವೆ. ದೊಡ್ಡ ಸಂಬಳವನ್ನು ಪಡೆದ ನಾಲ್ವರ ಚಿತ್ರವನ್ನು ಕಂಡು ಸಾಲಮಾಡಿ ಫೀಜು ಕಟ್ಟುವ ಮೊದಲು ಕೇಳಿರಿ: ಸೇರಿದವರೆಷ್ಟು ಮಂದಿ? ಮುಗಿಸಿದವರೆಷ್ಟು? ಕೆಲಸ ಸಿಕ್ಕಿದವರೆಷ್ಟು? ಸರಾಸರಿಯನ್ನು ಹೇಳಿದರೆ ತೃಪ್ತರಾಗಬೇಡಿರಿ. ಒಬ್ಬಳ ಹೆಚ್ಚಿನ ಸಂಬಳವು ಎಲ್ಲರ ಸರಾಸರಿಯನ್ನು ಮೇಲಕ್ಕೆತ್ತುವದು. ಸಂಬಳಗಳನ್ನು ಕ್ರಮವಾಗಿ ಜೋಡಿಸಿದಾಗ ಸರಿಯಾಗಿ ನಡುವೆ ನಿಂತವಳಿಗೆ ದೊರೆಯುವದೆಷ್ಟೆಂದು ವಿಚಾರಿಸಿರಿ. ಉತ್ತರ ಕೊಡಲೊಲ್ಲದ ಸಂಸ್ಥೆಯು ಅಂಕಿಗಳ ವಿದ್ಯೆಯನ್ನು ಚೆನ್ನಾಗಿ ಕಲಿಸುವದೆಂದು ನಂಬುವದು ಹೇಗೆ? ಸಂಖ್ಯಾಶಾಸ್ತ್ರದ ಮೂಲತತ್ತ್ವಗಳನ್ನೂ ಜಮಾಖರ್ಚನ್ನೂ, ಕಂಡುಕೊಂಡದ್ದನ್ನು ತಿಳಿಯಾದ ಮಾತುಗಳಲ್ಲಿ ಬರೆಯುವದನ್ನೂ ಕಲಿಸುವಲ್ಲಿಗೆ ಮಕ್ಕಳನ್ನು ಧೈರ್ಯವಾಗಿ ಕಳುಹಿಸಿರಿ.

ಬ್ಯಾಂಕುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಅಂಗಡಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಹಳೇ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ನಮ್ಮದೊಂದು ವಿಜ್ಞಾಪನೆ. ಗೆದ್ದವರು ಮಾತ್ರವಲ್ಲದೆ, ನಡುವೆ ಬಿಟ್ಟವರೂ ಇನ್ನೂ ಕೆಲಸವನ್ನು ಹುಡುಕುತ್ತಿರುವವರೂ ನಿಮ್ಮ ತಂಗಿಯರಿಗೆ ತಮ್ಮ ಅನುಭವವನ್ನು ತಿಳಿಸಿರಿ. ಅವರ ನಿರ್ಣಯಕ್ಕೆ ಬೇಕಾದ ಅಂಕಿಗಳಲ್ಲಿ ನೀವೂ ಸೇರಿದ್ದೀರಿ.