ಗಾಡಿ ಕೊಳ್ಳುವಾಗ ಬಿಳಿ ಚೀಟಿ ಬ್ಯಾಡ

ಎಪಿಎಂಸಿಗೆ ಶೇಂಗಾ, ಒಣಮೆಣಸಿನಕಾಯಿ ಒಯ್ದಾಗ ದಲಾಲರು ಬಿಳಿ ಚೀಟಿಯ ಮೇಲೆ ಹಮಾಲಿ, ಸೂಟು ಅಂತ ರೊಕ್ಕ ಮುರಿದರೆ ನಾವು ಸುಮ್ಮನಿರುವುದಿಲ್ಲ. ಇದು ಯಾತರ ರೊಕ್ಕರೀ ಅಂತ ಕೇಳಿಯೇ ಕೇಳುತ್ತೇವೆ. ಹತ್ತು ರೂಪಾಯಿಗೆ ಜಗಳ ತೆಗೆಯುವ ಅದೇ ರೈತ ಗದಗಿಗೋ ಹುಬ್ಬಳ್ಳಿಗೋ ಹೋಗಿ ಕಾರಿನ ಶೋರೂಮಿನಾಗ ಕುಂತರೆ, ಚಹಾ ಕುಡಿದು, ತೋರಿಸಿದಲ್ಲಿ ಸಹಿ ಮಾಡಿ ಬರುತ್ತಾನೆ. ಇದ್ಯಾಕೋ ನನಗ ತಿಳಿಯವಲ್ದು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹಳ್ಳಿಗಳಿಗೂ ಈಗ ಕಾರು ಬಂದಾವ. ಬರಲಿ, ರಾತ್ರಿ ದವಾಖಾನಿಗೆ ಹೋಗಬೇಕಾದರೆ ಅದರ ಬೆಲೆ ಗೊತ್ತಾಗತೈತಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ, ಟ್ರ್ಯಾಕ್ಟರಿನದು ಶೇ. 12ರಿಂದ 5ಕ್ಕೆ ಇಳಿಯಿತು. ಇಳಿದ ರೊಕ್ಕ ನಮ್ಮ ಕಿಸೆಯಾಗ ಉಳಿಯಬೇಕಲ್ಲ?

ನಮ್ಮ ಕಡೆಯ ಒಬ್ಬರು ತಂದ ಲೆಕ್ಕದ ಹಾಳೆ ನೋಡಿದೆ. ಶೋರೂಮಿನ ಹೆಸರು ಬ್ಯಾಡ. ಕಾರಿನ ದರ 6 ಲಕ್ಷ. ಅದರ ಕೆಳಗೆ ಹ್ಯಾಂಡ್ಲಿಂಗ್ 7,500, ಸೀಟ್ ಕವರ್-ಮ್ಯಾಟಿನ ಕಿಟ್ 21,000, ಕೋಟಿಂಗ್ 9,000, ತೆರಿಗೆ ಬಿಟ್ಟು ಬರೇ ಆರ್‌ಟಿಓ ಖರ್ಚು ಅಂತ 6,000. ಕೂಡಿಸಿದರೆ 43,500. ಮಳೆ ನಂಬಿದ ಹೊಲದಾಗ ಇಷ್ಟು ಉಳಿಯಬೇಕಾದರೆ ಎಷ್ಟು ಎಕರೆ ಕಡಲಿ ಬೆಳೆಯಬೇಕು, ನೀವೇ ಹೇಳ್ರಿ. ಸಾಲದ ಗಾಡಿಯಾದರೆ ಸೀಟ್ ಕವರಿಗೂ ಐದಾರು ವರ್ಷ ಬಡ್ಡಿ!

ಸರ್ಕಾರಕ್ಕೆ ಹೋಗುವ ರೊಕ್ಕ ತಪ್ಪಿಸಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 14, ಮೇಲೆ ಸೆಸ್. 6 ಲಕ್ಷದ ಗಾಡಿಗೆ ಇದೇ ತೊಂಬತ್ತು ಸಾವಿರ ದಾಟುತ್ತದೆ. ಭಾಳ ಆಯಿತು ಅನ್ನುವುದು ಬೇರೆ ಮಾತು, ಆದರೆ ಅದಕ್ಕೆ ರಸೀದಿ ಐತಿ. ಉಳಿದ ಫೀ ಸಣ್ಣವು. 2016ರ ಕೊನೆಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ದರದಂತೆ ನೋಂದಣಿಗೆ 600, ಸಾಲವನ್ನು ಆರ್‌ಸಿಯಲ್ಲಿ ಬರೆಸಲು 1,500, ಕಾರ್ಡಿಗೆ 200. ಹಂಗಾದರೆ 6,000 ಎಲ್ಲಿಂದ ಬಂತು? ರಸೀದಿ ತೋರಿಸ್ರಿ ಅಂದರೆ ಸಾಕು.

ಹ್ಯಾಂಡ್ಲಿಂಗ್ ಅನ್ನುವುದು ಸರ್ಕಾರದ ಫೀ ಅಲ್ಲವೇ ಅಲ್ಲ. ಕಾರ್ಖಾನೆಯಿಂದ ಗಾಡಿ ತರುವ ಖರ್ಚು ಎಕ್ಸ್ ಶೋರೂಮ್ ದರದಾಗ ಸೇರಿರತೈತಿ. ಅದನ್ನು ಹೊಡೆದುಹಾಕಿ ಅನ್ನಬೇಕು. ಕಿಟ್ ನಮ್ಮ ಖುಷಿ. ಇನ್ನು ಕೋಟಿಂಗ್, ಎರಿ ಮಣ್ಣಿನ ದಾರ್ಯಾಗ ಆ ಹೊಳಪು ಎಷ್ಟು ದಿನ ನಿಂತೀತು?

ವಿಮೆ ಮಾತ್ರ ನೋಡಿ ಮಾಡಬೇಕು. ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಾನೂನಿನಂತೆ ಕಡ್ಡಾಯ, 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಒಮ್ಮೆಲೇ 3 ವರ್ಷದ್ದು. ನಮ್ಮ ಗಾಡಿಯ ಹಾನಿಗೂ ವಿಮೆ ಇರಲಿ, ಸಾಲ ಕೊಟ್ಟವರೂ ಕೇಳುತ್ತಾರೆ. ಆದರೆ ಶೋರೂಮಿನವರ ಕಡೆಯೇ ಮಾಡಿಸಬೇಕೆಂಬ ಕಾನೂನಿಲ್ಲ. ಬೇರೆ ಎರಡು ಕಂಪನಿಗಳಲ್ಲಿ ದರ ಕೇಳಿ, ಅದೇ ಗಾಡಿಮೌಲ್ಯಕ್ಕೆ ಹೋಲಿಸಿ. ಜೀರೋ ಡೆಪ್ ಅನ್ನುವುದು ಹೊಸ ಗಾಡಿಗೆ ಉಪಯೋಗದ್ದು. ರಿಪೇರಿಯಾಗ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಸವಕಳಿ ಮುರಿಯುವುದಿಲ್ಲ. ಹೆಚ್ಚುವರಿ ವಾರಂಟಿ ಮೊದಲ ದಿನವೇ ಕೊಳ್ಳಬೇಕಂತಿಲ್ಲ. ಹೆಚ್ಚಿನ ಕಂಪನಿಗಳು ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಡುತ್ತವೆ. ಗಾಡಿ ಸಾಲದ ಜೋಡಿ ಜೀವವಿಮೆ ಕಟ್ಟಲೇಬೇಕು ಅಂದರೆ, ಯಾವ ಕಾಯ್ದೆಯಂತೆ ಅಂತ ಬರೆದು ಕೊಡಿ ಅನ್ನಬೇಕು.

ಟ್ರ್ಯಾಕ್ಟರಿನಾಗೂ ಹಿಂಗ. ಹುಡ್, ಬಂಪರ್, ಹುಕ್ ದರದಾಗ ಬಂದಾವೋ ಬೇರೆಯೋ ಅಂತ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಬೇಕು. ಮುಂಗಡ ಕೊಟ್ಟ ಮೇಲೆ ನಮ್ಮ ಮಾತು ನಡೆಯುವುದಿಲ್ಲ.

ಎಪಿಎಂಸಿಯಲ್ಲಿ ದರದ ಹಲಗೆ ಇರುವಂತೆ, ಯಾವ ರೊಕ್ಕ ಸರ್ಕಾರದ್ದು, ಯಾವುದು ತಮ್ಮದು, ಯಾವುದು ಬಿಡಬಹುದು ಎಂದು ಶೋರೂಮಿನವರು ಗೋಡೆ ಮ್ಯಾಲೆ ಕನ್ನಡದಲ್ಲಿ ಬರೆಸಬೇಕು. ಅಲ್ಲಿತನಕ ಸಹಿ ಮಾಡುವ ಮೊದಲು ಸಾಲು ಸಾಲು ಬಿಡಿಸಿದ, ಸಿಕ್ಕಾ ಹಾಕಿದ ಹಾಳೆ ಕೇಳಿ ಮನೆಗೆ ತರ್ರಿ, ಕಲಿತ ಮಕ್ಕಳಿಗೆ ತೋರಿಸ್ರಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚ್ರಿ.