ಕೆರೆನೂ ಭೂಮಿ ಬಿಸಿ ಮಾಡುತ್ತೆ, ಗೊತ್ತಾ?

ಭೂಮಿ ಬಿಸಿಯಾಗೋಕೆ ಯಾರು ಕಾರಣ ಅಂದ್ರೆ ನಾವೆಲ್ಲ ಕಾರು, ಕಾರ್ಖಾನೆ, ವಿಮಾನದ ಕಡೆ ಬೆರಳು ತೋರಿಸ್ತೀವಿ. ಆ ಪಟ್ಟಿಗೆ ಕೊಳಚೆ ತುಂಬಿದ ಕೆರೆಯನ್ನೂ ಸೇರಿಸಿ ಅಂದ್ರೆ ನಂಬ್ತೀರಾ?

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ತಗೊಳ್ಳಿ. ಸುಮಾರು 900 ಎಕರೆ, ನಗರದ ಅತಿ ದೊಡ್ಡ ಕೆರೆ. ಅದರ ನೊರೆ ನೋಡಿದ್ದೀವಿ. 2017 ಮತ್ತು 2018ರಲ್ಲಿ ಅಲ್ಲಿ ಬೆಂಕಿ ಎದ್ದ ಸುದ್ದಿಯನ್ನೂ ಓದಿದ್ದೀವಿ. ಆದರೆ ಇಂಥ ಕೆರೆಗಳಿಂದ ದಿನಾ ಹೊರಬರೋ ಅನಿಲ ಮಾತ್ರ ಕಣ್ಣಿಗೆ ಬೀಳಲ್ಲ.

ಲೆಕ್ಕ ಸರಳ. ನಮ್ಮ ಟಾಯ್ಲೆಟ್, ಬಚ್ಚಲು, ವಾಷಿಂಗ್ ಮಷಿನ್ನಿಂದ ಹೋಗೋ ನೀರಲ್ಲಿ ಸಾರಜನಕ, ರಂಜಕ ಇರುತ್ತೆ. ರೈತರು ಹೊಲಕ್ಕೆ ಹಾಕೋ ಗೊಬ್ಬರದಲ್ಲಿರೋದೂ ಇವೇ. ಅಂದ್ರೆ ಶುದ್ಧೀಕರಿಸದೆ ಬಿಟ್ಟ ಕೊಳಚೆ ಕೆರೆಗೆ ಹಾಕಿದ ಗೊಬ್ಬರವೇ. ಪಾಚಿ, ಜಲಕಳೆ ಹುಲುಸಾಗಿ ಬೆಳೆಯುತ್ತೆ.

ಹಸಿರು ಬೆಳೆದ್ರೆ ಕಾರ್ಬನ್ ಹೀರಿಕೊಳ್ಳುತ್ತೆ, ಒಳ್ಳೇದೇ ಅಲ್ವಾ? ಹೀರಿಕೊಳ್ಳೋದೇನೋ ನಿಜ. ಆದ್ರೆ ಆ ಪಾಚಿ ಸತ್ತು ತಳ ಸೇರಿ ಕೊಳೆಯೋವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತೆ. ಆಗ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡಿ ಮೀಥೇನ್ ತಯಾರಿಸ್ತವೆ. ಅದು ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತೆ. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತೆ. ಪಾಚಿ ತಗೊಂಡ ಕಾರ್ಬನ್‌ನಲ್ಲಿ ಒಂದು ಪಾಲನ್ನು ಕೆರೆ ಚಕ್ರಬಡ್ಡಿ ಸಮೇತ ವಾಪಸ್ ಕೊಟ್ಟ ಹಾಗೆ!

2019ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೊಂದು ಅಂದಾಜು ಕೊಟ್ಟಿದೆ. ಜಗತ್ತಿನ ಕೆರೆ, ಜಲಾಶಯಗಳಿಗೆ ಪೋಷಕಾಂಶ ಸೇರೋದು ಹೆಚ್ಚುತ್ತಾ ಹೋದ್ರೆ, ಈ ಶತಮಾನದಲ್ಲಿ ಅವುಗಳ ಮೀಥೇನ್ ಶೇ. 30ರಿಂದ 90ರಷ್ಟು ಏರಬಹುದು. ಭೂಮಿ ಬಿಸಿಯಾದಷ್ಟೂ ಪಾಚಿಗೆ ಹಬ್ಬ, ಪಾಚಿ ಹೆಚ್ಚಿದಷ್ಟೂ ಮೀಥೇನ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬ್ರೇಕ್ ಇಲ್ಲದ ಲೂಪ್.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಅಮೆರಿಕ, ಕೆನಡಾ ನಡುವಿನ ಈರಿ ಸರೋವರವೂ ಒಂದು ಕಾಲಕ್ಕೆ ಪಾಚಿಮಯವಾಗಿತ್ತು. 1972ರಲ್ಲಿ ಎರಡೂ ದೇಶ ಒಪ್ಪಂದ ಮಾಡ್ಕೊಂಡು, ಕೊಳಚೆ ಮತ್ತು ಡಿಟರ್ಜೆಂಟ್‌ನ ರಂಜಕಕ್ಕೆ ಕಡಿವಾಣ ಹಾಕಿದ್ವು. ಸರೋವರ ಚೇತರಿಸಿಕೊಳ್ತು. ಮುಂದೆ ಹೊಲಗಳ ಗೊಬ್ಬರ ಹರಿದು ಬಂದು ಪಾಚಿ ಮತ್ತೆ ವಕ್ಕರಿಸ್ತು. 2014ರಲ್ಲಿ ಟೊಲೆಡೊ ನಗರದ ಸುಮಾರು 4 ಲಕ್ಷ ಜನ ಎರಡು ದಿನಕ್ಕೂ ಹೆಚ್ಚು ಕಾಲ ನಲ್ಲಿ ನೀರು ಕುಡಿಯೋ ಹಾಗಿರಲಿಲ್ಲ.

ಪಾಠ ಇಷ್ಟೇ: ನೊರೆ ಬಾಚಿ, ಕಳೆ ಕಿತ್ತು, ವಾಕಿಂಗ್ ಟ್ರ್ಯಾಕ್ ಹಾಕಿದ್ರೆ ಕೆರೆ ಚೆನ್ನಾಗಿ ಕಾಣುತ್ತೆ, ಆದ್ರೆ ವಾಸಿಯಾಗಲ್ಲ. ಪೋಷಕಾಂಶವನ್ನು ಚರಂಡಿಯಲ್ಲೇ ತಡೀಬೇಕು. ಹಳೇ ಹೂಳಲ್ಲಿ ಕೂತಿರೋ ರಂಜಕವನ್ನೂ ತೆಗೀಬೇಕು.

ನಮ್ಮ ಪಾಲಿನ ಕೆಲಸ? ಮುಂದಿನ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: "ನಮ್ಮ ಎಸ್‌ಟಿಪಿ ನಿಜವಾಗ್ಲೂ ಓಡ್ತಿದೆಯಾ, ನೀರಿನ ಟೆಸ್ಟ್ ರಿಪೋರ್ಟ್ ಎಲ್ಲಿ?" ಉತ್ತರ ಕೊಡೋರು ತಡವರಿಸಿದ್ರೆ, ನಿಮ್ಮ ಹತ್ತಿರದ ಕೆರೆಗೆ ಗೊಬ್ಬರ ಹಾಕ್ತಿರೋರು ಯಾರು ಅಂತ ಗೊತ್ತಾಯ್ತು ಅಂತಲೇ ಲೆಕ್ಕ.